ಮೊದಲು ಲಾಟಿನ ಲೆಕ್ಕ, ಆಮೇಲೆ ಆನ್‌ಲೈನ್ ಅಂಗಡಿ

ಕೋಲಾರ ತಾಲ್ಲೂಕಿನ ಕ್ಯಾಲನೂರಿನಲ್ಲಿ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆಯೊಂದಿದೆ. ರಾಮನಗರದಷ್ಟೋ ಶಿಡ್ಲಘಟ್ಟದಷ್ಟೋ ಹೆಸರು ಮಾಡಿದ್ದಲ್ಲ. ಸುತ್ತಲಿನ ಹಳ್ಳಿಗಳ ಬೆಳೆಗಾರರಿಗೂ ನೂಲು ಬಿಚ್ಚುವವರಿಗೂ ಕೈಗೆಟುಕುವ ಮಾರುಕಟ್ಟೆ. ನಮ್ಮ ರಾಜ್ಯದ ಗೂಡಿನ ಮಾರುಕಟ್ಟೆಗಳಿಗೆ ಇ-ಹರಾಜು ಬಂದು ಕೆಲವು ವರ್ಷಗಳಾದವು. ರೈತರು ತಂದ ಗೂಡಿಗೆ ಲಾಟ್ ನಂಬರು ಬೀಳುತ್ತದೆ. ನೂಲು ಬಿಚ್ಚುವ ರೀಲರುಗಳು ಗೂಡನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿ ನೋಡಿ, ಗಟ್ಟಿಯೋ ಜೊಳ್ಳೋ ಎಂದು ಅಂದಾಜು ಮಾಡಿ, ಬೆಲೆಯನ್ನು ಮೊಬೈಲಿನಲ್ಲಿ ಹಾಕುತ್ತಾರೆ. ರೈತರು ಒಪ್ಪಿದರೆ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಕ, ಬ್ಯಾಂಕ್ ಖಾತೆಗೆ ಹಣ. ಆಮೇಲೆ ಅದೇ ಗೂಡು ಬಿಚ್ಚಾಣಿಕೆ ಘಟಕದ ಬಾಗಿಲು ದಾಟುತ್ತದೆ. ದಾಟಿದ ಮೇಲೆ ಬಹಳ ಕಡೆ ಲಾಟ್ ನಂಬರಿನ ಆಯುಸ್ಸು ಮುಗಿಯಿತು. ನಾಲ್ವರು ರೈತರ ಗೂಡು ಒಂದೇ ರಾಶಿಗೆ ಬೀಳುತ್ತದೆ. ಅಲ್ಲಿಂದಾಚೆಗಿನ ಲೆಕ್ಕ ಮಾಲೀಕರ ತಲೆಯಲ್ಲಿರುತ್ತದೆ, ಇಲ್ಲವೇ ಅಂಗಿಯ ಜೇಬಿನ ಪುಟ್ಟ ಪುಸ್ತಕದಲ್ಲಿ. ಬಾಗಿಲಿನ ಹೊರಗೆ ಕಂಪ್ಯೂಟರು, ಒಳಗೆ ಅಂದಾಜು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಸಣ್ಣ ತಯಾರಿಕಾ ಘಟಕಗಳು ಇಆರ್‌ಪಿ ಎಂಬ ತಂತ್ರಾಂಶವನ್ನೂ ಇ-ವಾಣಿಜ್ಯವನ್ನೂ ಹೇಗೆ ಬರಮಾಡಿಕೊಳ್ಳಬೇಕು ಎಂಬ ಪ್ರಶ್ನೆ ನನಗೆ ಈ ಬಾಗಿಲಿನಲ್ಲೇ ಕಾಣುತ್ತದೆ. ನನ್ನ ವಾದ ಒಂದೇ: ಒಳಗಿನ ಲೆಕ್ಕ ಮೊದಲು, ಹೊರಗಿನ ಅಂಗಡಿ ಆಮೇಲೆ. ಈ ಕ್ರಮ ತಪ್ಪಿದಲ್ಲಿ ದುಡ್ಡೂ ಹೋಗುತ್ತದೆ, ಹೆಸರೂ ಹೋಗುತ್ತದೆ.

ಇಆರ್‌ಪಿ ಎಂದರೆ ಹೆದರುವಂಥದ್ದೇನೂ ಇಲ್ಲ. ಕೊಂಡದ್ದು, ದಾಸ್ತಾನು ಇಟ್ಟದ್ದು, ಯಂತ್ರಕ್ಕೆ ಹಾಕಿದ್ದು, ತಯಾರಾಗಿ ಬಂದದ್ದು, ಮಾರಿದ್ದು, ಕೂಲಿ ಕೊಟ್ಟದ್ದು, ಬಾಕಿ ಉಳಿದದ್ದು ಇವೆಲ್ಲ ಒಂದೇ ಲೆಕ್ಕದಲ್ಲಿ ಒಂದಕ್ಕೊಂದು ತಾಳೆಯಾಗುವ ಹಾಗೆ ಇಡುವ ವ್ಯವಸ್ಥೆ ಅದು. ಒಂದು ಸಂಗತಿಯನ್ನು ಒಬ್ಬರು ಒಂದು ಸಲ ಬರೆದರೆ ಸಾಕು, ಬೇಕಾದವರೆಲ್ಲ ಅದನ್ನೇ ನೋಡಬೇಕು. ಇದರ ಮೂಲ ಕಾರ್ಖಾನೆಯ ಉಗ್ರಾಣದಲ್ಲಿದೆ. 1964ರಲ್ಲಿ ಅಮೆರಿಕದ ಜೋಸೆಫ್ ಆರ್ಲಿಕಿ ಎಂಬ ಎಂಜಿನಿಯರ್, ಇಷ್ಟು ಸರಕು ಇಂಥ ದಿನ ತಯಾರಾಗಬೇಕಾದರೆ ಯಾವ ಬಿಡಿಭಾಗ ಎಷ್ಟು, ಎಂದು ಬೇಕು ಎಂದು ಹಿಂದಿನಿಂದ ಲೆಕ್ಕ ಹಾಕುವ ಪದ್ಧತಿಯನ್ನು ರೂಪಿಸಿದರು. ಅದೇ ಬೆಳೆದು ಹಣಕಾಸು, ಸಿಬ್ಬಂದಿ, ಮಾರಾಟ ಎಲ್ಲವನ್ನೂ ಒಳಗೆ ಎಳೆದುಕೊಂಡಿತು. ಇಆರ್‌ಪಿ ಎಂಬ ಹೆಸರು ಬಂದದ್ದು 1990ರಲ್ಲಿ. ಅಂದರೆ ತಂತ್ರಾಂಶಕ್ಕಿಂತ ಮೊದಲು ಇದ್ದದ್ದು ಒಂದು ಶಿಸ್ತು: ಒಂದು ಸರಕಿನಲ್ಲಿ ಏನೇನು ಎಷ್ಟೆಷ್ಟು ಹೋಗುತ್ತದೆ ಎಂದು ಬರೆದಿಡುವುದು. ಆ ಪಟ್ಟಿಯೇ ಇಲ್ಲದ ಘಟಕಕ್ಕೆ ಎಷ್ಟು ಲಕ್ಷದ ತಂತ್ರಾಂಶ ತಂದರೂ ಅದು ಖಾಲಿ ಬೀರು.

ಬಿಚ್ಚಾಣಿಕೆ ಘಟಕವನ್ನೇ ಹತ್ತಿರದಿಂದ ನೋಡೋಣ. ಈ ಕಸುಬಿನ ಪ್ರಾಣವೆಲ್ಲ ರೆಂಡಿಟ್ಟ ಎಂಬ ಒಂದು ಅಂಕಿಯಲ್ಲಿದೆ. ಒಂದು ಕಿಲೋ ಕಚ್ಚಾ ರೇಷ್ಮೆ ತೆಗೆಯಲು ಎಷ್ಟು ಕಿಲೋ ಗೂಡು ಬೇಕಾಯಿತು ಎಂಬುದೇ ರೆಂಡಿಟ್ಟ. ಮಿಶ್ರತಳಿ ಗೂಡಿನಲ್ಲಿ ಇದು ಹೆಚ್ಚು, ಒಳ್ಳೆಯ ದ್ವಿತಳಿ ಗೂಡಿನಲ್ಲಿ ಕಡಿಮೆ. ಗೂಡಿನ ಗಟ್ಟಿತನ, ತೇವ, ಬೇಯಿಸುವ ನೀರಿನ ಬಿಸಿ, ನೂಲು ಬಿಚ್ಚುವ ಬೇಸಿನ್ ಮುಂದೆ ಕೂತವರ ಕೈಚಳಕ ಎಲ್ಲವೂ ಅದರೊಳಗೆ ಸೇರಿವೆ. ಲೆಕ್ಕಕ್ಕೆಂದು ಒಂದು ದರ ಹಿಡಿಯೋಣ: ಗೂಡು ಕಿಲೋಗೆ 600 ರೂಪಾಯಿ. ರೆಂಡಿಟ್ಟ 7 ಬಂದರೆ ಒಂದು ಕಿಲೋ ರೇಷ್ಮೆಗೆ ಗೂಡಿನ ಖರ್ಚೇ 4,200 ರೂಪಾಯಿ. ರೆಂಡಿಟ್ಟ 7.5 ಆದರೆ 4,500. ಅರ್ಧ ಅಂಕಿಗೆ ಕಿಲೋ ಒಂದಕ್ಕೆ 300 ರೂಪಾಯಿ ಹೋಯಿತು. ದಿನಕ್ಕೆ 10 ಕಿಲೋ ರೇಷ್ಮೆ ತೆಗೆಯುವ ಘಟಕದಲ್ಲಿ ತಿಂಗಳಿಗೆ 25 ದಿನ ಕೆಲಸವೆಂದರೆ ಇದು 75,000 ರೂಪಾಯಿ. ಮಾಲೀಕರಿಗೆ ತಿಂಗಳ ಕೊನೆಗೆ ಲಾಭ ಕಡಿಮೆಯಾದದ್ದು ಗೊತ್ತಾಗುತ್ತದೆ. ಕಾರಣ ಗೂಡಿನದೋ, ಬೇಯಿಸಿದ್ದರದೋ, ಕೈಯದೋ ಎಂಬುದು ಗೊತ್ತಾಗುವುದಿಲ್ಲ, ಏಕೆಂದರೆ ನಾಲ್ಕು ಲಾಟು ಒಂದೇ ರಾಶಿಯಲ್ಲಿ ಬೆರೆತು ಹೋಗಿವೆ. ಲಾಟುವಾರು ರೆಂಡಿಟ್ಟ ಬರೆದವರಿಗೆ ಮುಂದಿನ ಹರಾಜಿನಲ್ಲಿ ಯಾವ ಗೂಡಿಗೆ 20 ರೂಪಾಯಿ ಹೆಚ್ಚು ಕೊಟ್ಟರೂ ಲಾಭ, ಯಾವುದಕ್ಕೆ ಕಡಿಮೆ ಕೊಟ್ಟರೂ ನಷ್ಟ ಎಂಬುದು ತಿಳಿದಿರುತ್ತದೆ. ಗೂಡನ್ನು ಹಾಗೇ ಇಟ್ಟುಕೊಂಡು ಕೂರುವಂತೆಯೂ ಇಲ್ಲ. ಒಳಗಿನ ಹುಳು ಚಿಟ್ಟೆಯಾಗಿ ತೂತು ಕೊರೆದು ಹೊರಬಂದರೆ ಆ ಗೂಡಿನಿಂದ ಎಳೆ ಬರದು. ಹೀಗಾಗಿ ಕೊಂಡ ದಿನ, ಹುಳು ಸಾಯಲೆಂದು ಉಗಿಯಲ್ಲಿಟ್ಟ ದಿನ, ಬಿಚ್ಚಿದ ದಿನ ಈ ಮೂರೂ ಬರೆಯಲೇಬೇಕಾದ ದಿನಾಂಕಗಳು.

ಇನ್ನು ಉಪ ಉತ್ಪನ್ನಗಳು. ಬಿಚ್ಚಿದ ಮೇಲೆ ಉಳಿಯುವ ರೇಷ್ಮೆ ಜೂಟು, ಒಳಗಿನ ಹುಳು ಎರಡಕ್ಕೂ ಬೆಲೆಯಿದೆ, ಎರಡೂ ಮಾರಾಟವಾಗುತ್ತವೆ. ಬಹಳ ಕಡೆ ಆ ಹಣ ಕೈಗೆ ಬಂದ ದಿನವೇ ಸೌದೆಗೋ ನೀರಿನ ಟ್ಯಾಂಕರಿಗೋ ಹೋಗಿಬಿಡುತ್ತದೆ. ಹೀಗೆ ಒಂದು ಆದಾಯ, ಒಂದು ಖರ್ಚು ಎರಡೂ ಪುಸ್ತಕ ಕಾಣದೆ ಮಾಯ. ಕೋಲಾರದ ಕಡೆ ನೀರಿಗೂ ದುಡ್ಡು ತೆರಬೇಕಾದ ದಿನಗಳಿವೆ ಎಂಬುದನ್ನು ಇಲ್ಲಿನವರಿಗೆ ಯಾರೂ ಹೇಳಬೇಕಿಲ್ಲ. ಆದರೆ ಒಂದು ಕಿಲೋ ರೇಷ್ಮೆಗೆ ಎಷ್ಟು ರೂಪಾಯಿ ನೀರು, ಎಷ್ಟು ರೂಪಾಯಿ ಸೌದೆ ಎಂದು ಕೇಳಿದರೆ ಉತ್ತರ ಥಟ್ಟನೆ ಬರುವ ಘಟಕಗಳು ಕಡಿಮೆ. ಇಆರ್‌ಪಿ ಕೊಡುವುದು ಈ ಉತ್ತರವನ್ನು. ಇದಕ್ಕೆ ಮೊದಲ ವರ್ಷ ಕಂಪ್ಯೂಟರೂ ಬೇಡ. ಲಾಟಿಗೊಂದು ಚೀಟಿ, ಚೀಟಿಯ ಮೇಲೆ ನಂಬರು, ತೂಕ, ದರ, ಬಿಚ್ಚಿದ ದಿನ, ಬಂದ ರೇಷ್ಮೆ, ಬಂದ ಜೂಟು ಇಷ್ಟು ಸಾಕು. ಚೀಟಿ ನಿಲ್ಲದ ಕಡೆ ತಂತ್ರಾಂಶ ನಿಲ್ಲದು.

ಹೊರಗಿನ ವ್ಯವಸ್ಥೆ ಬಂದಾಗ ಏನಾಗುತ್ತದೆ ಎಂಬುದಕ್ಕೆ ಗೂಡಿನ ಮಾರುಕಟ್ಟೆಯೇ ಸಾಕ್ಷಿ. ಕರ್ನಾಟಕದಲ್ಲಿ ಗೂಡಿನ ವ್ಯಾಪಾರಕ್ಕೆ 1959ರ ಕಾಯ್ದೆಯ ಕಟ್ಟುಪಾಡಿದೆ. ಸರ್ಕಾರಿ ಮಾರುಕಟ್ಟೆಯಲ್ಲಿ ಹರಾಜಾಗಬೇಕೆಂಬುದು ಹಳೆಯ ನಿಯಮ. ಕೂಗಿ ಹರಾಜು ಮಾಡುವಾಗ ನಾಲ್ವರು ರೀಲರು ಕಣ್ಸನ್ನೆಯಲ್ಲೇ ಬೆಲೆ ನಿಲ್ಲಿಸಬಹುದಿತ್ತು ಎಂಬ ದೂರು ರೈತರದ್ದಾಗಿತ್ತು. ತೂಕದ ಮೇಲೂ ಅನುಮಾನ. ಮೊಬೈಲ್ ಹರಾಜು, ಎಲೆಕ್ಟ್ರಾನಿಕ್ ತೂಕ, ಖಾತೆಗೆ ನೇರ ಪಾವತಿ ಈ ಮೂರೂ ಆ ಅನುಮಾನಗಳಿಗೆ ಕೊಟ್ಟ ಉತ್ತರ. ರೀಲರುಗಳು ಇದನ್ನು ಖುಷಿಯಿಂದ ಒಪ್ಪಿದರು ಎಂದರೆ ಸುಳ್ಳಾದೀತು. ಅವರ ಆಕ್ಷೇಪ ನ್ಯಾಯವಾದದ್ದೇ: ಗೂಡಿಗೆ ಇವತ್ತೇ ಹಣ ಕಟ್ಟಬೇಕು, ರೇಷ್ಮೆ ಮಾರಿದ ಹಣ ವ್ಯಾಪಾರಿಯಿಂದ ಬರುವುದು ವಾರಗಳ ನಂತರ, ನಡುವಿನ ಬಂಡವಾಳ ಯಾರು ಕೊಡುತ್ತಾರೆ? ಹಿಂದೆ ಈ ಅಂತರವನ್ನು ತುಂಬುತ್ತಿದ್ದದ್ದು ಉದ್ರಿ. ಕಂಪ್ಯೂಟರು ಉದ್ರಿಯನ್ನು ತೆಗೆದುಹಾಕಿತು, ಅದರ ಜಾಗಕ್ಕೆ ಬ್ಯಾಂಕ್ ಸಾಲವನ್ನು ತಾನೇ ತಂದುಕೊಡಲಿಲ್ಲ. ಇಲ್ಲೇ ಒಳಗಿನ ಲೆಕ್ಕದ ಬೆಲೆ ತಿಳಿಯುವುದು. ಬ್ಯಾಂಕಿನವರು ದುಡಿಮೆ ಬಂಡವಾಳ ಕೊಡಲು ಕೇಳುವುದು ದಾಸ್ತಾನಿನ ಪಟ್ಟಿಯನ್ನು, ಬಾಕಿದಾರರ ಪಟ್ಟಿಯನ್ನು, ತಿಂಗಳುವಾರು ವಹಿವಾಟನ್ನು. ಇವು ಮೂರೂ ಇಟ್ಟುಕೊಂಡ ರೀಲರು ಬ್ಯಾಂಕಿನ ಮುಂದೆ ಕೂತು ಮಾತಾಡಬಲ್ಲರು. ಇಲ್ಲದವರು ಮತ್ತೆ ಬಡ್ಡಿ ಸಾಲದ ಬಾಗಿಲಿಗೇ ಹೋಗಬೇಕು.

ರೇಷ್ಮೆಯ ಮಾತು ಬಿಟ್ಟು ಹೆದ್ದಾರಿಯ ಕಡೆ ಬಂದರೆ ಇನ್ನೊಂದು ಬಗೆಯ ಸಾಕ್ಷಿ ಸಿಗುತ್ತದೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಹೋಂಡಾದ ದ್ವಿಚಕ್ರ ವಾಹನದ ಕಾರ್ಖಾನೆ 2013ರಲ್ಲಿ ಶುರುವಾಯಿತು. ಇಂಥ ಕಾರ್ಖಾನೆಗಳಿಗೆ ಬಿಡಿಭಾಗ ಕೊಡುವ ಸಣ್ಣ ಘಟಕಗಳು ಬಯಸಲಿ ಬಿಡಲಿ, ಇಆರ್‌ಪಿ ಅವರ ಮೇಲೆ ಬಂದು ಕೂತಿದೆ: ಕೊಳ್ಳುವ ಕಂಪನಿಯ ಪೋರ್ಟಲಿನಲ್ಲಿ ಬೇಡಿಕೆ ಬರುತ್ತದೆ, ಪೆಟ್ಟಿಗೆಗೆ ಬಾರ್‌ಕೋಡ್ ಚೀಟಿ ಅಂಟಿಸಬೇಕು, ಹೇಳಿದ ಹೊತ್ತಿಗೆ ಹೇಳಿದಷ್ಟು ತಲುಪಬೇಕು. ಅದೇ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ತೈವಾನಿನ ವಿಸ್ಟ್ರಾನ್ ಕಂಪನಿಯ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ಏನಾಯಿತು ಎಂಬುದು ಇಡೀ ಜಗತ್ತಿಗೆ ಗೊತ್ತು. ವೇತನದ ಅಸಮಾಧಾನ ಸ್ಫೋಟಗೊಂಡು ಕಾರ್ಖಾನೆ ಧ್ವಂಸವಾಯಿತು. ಆಮೇಲೆ ಕಾರ್ಖಾನೆಗಳ ಇಲಾಖೆಯ ತಪಾಸಣೆಯಲ್ಲಿ ಹೊರಬಂದ ಸಂಗತಿಗಳು ನಮ್ಮ ವಿಷಯಕ್ಕೆ ನೇರ ತಾಗುತ್ತವೆ: ಕೆಲಸಗಾರರ ಸಂಖ್ಯೆ ಅಲ್ಪ ಕಾಲದಲ್ಲಿ 5,000ದಿಂದ 10,500ಕ್ಕೆ ಏರಿತ್ತು, ಪಾಳಿ 8 ತಾಸಿನಿಂದ 12 ತಾಸಿಗೆ ಬದಲಾಗಿತ್ತು, ಹಾಜರಾತಿ ದಾಖಲಿಸುವ ವ್ಯವಸ್ಥೆಯಲ್ಲಿ ದೋಷವಿತ್ತು, ಇಷ್ಟು ಜನರನ್ನು ನಿಭಾಯಿಸುವ ಸಿಬ್ಬಂದಿ ವಿಭಾಗ ಇರಲಿಲ್ಲ. ಕೆಲವರಿಗೆ ವೇತನ ಸರಿಯಾಗಿ, ಸಮಯಕ್ಕೆ ಸಂದಿಲ್ಲ ಎಂದು ಕಂಪನಿಯೇ ಒಪ್ಪಿಕೊಂಡು ಭಾರತದ ಹೊಣೆ ಹೊತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಆ್ಯಪಲ್ ಕಂಪನಿ ಅದನ್ನು ನಿಗಾದಲ್ಲಿಟ್ಟಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಸಮೂಹದ ಪಾಲಾಯಿತು. ಜಗತ್ತಿನ ಅತಿ ನಾಜೂಕಾದ ಯಂತ್ರವನ್ನು ಜೋಡಿಸುವ ಕಡೆ ತಂತ್ರಾಂಶದ ಕೊರತೆ ಇರಲಿಲ್ಲ. ಒಬ್ಬ ಕೆಲಸಗಾರ ಎಷ್ಟು ತಾಸು ದುಡಿದ ಎಂಬ ಮೊದಲ ನಮೂದು ಸರಿ ಇರಲಿಲ್ಲ. ಮೊದಲ ನಮೂದು ತಪ್ಪಾದರೆ ವ್ಯವಸ್ಥೆ ದೊಡ್ಡದಾದಷ್ಟೂ ಆ ತಪ್ಪು ದೊಡ್ಡದಾಗುತ್ತದೆ, ಅದೂ ಬಡವರ ಸಂಬಳದ ಚೀಟಿಯ ಮೇಲೆ.

ಇಆರ್‌ಪಿ ಅಳವಡಿಸಲು ಹೋಗಿ ಎಡವಿದ ಹೊರದೇಶದ ಎರಡು ಪ್ರಸಂಗಗಳನ್ನು ಇಲ್ಲಿ ಹೇಳಿ ಮುಂದೆ ಹೋಗುತ್ತೇನೆ. ಅಮೆರಿಕದ ಹರ್ಷೀಸ್ ಚಾಕಲೇಟ್ ಕಂಪನಿ 1999ರಲ್ಲಿ 11.2 ಕೋಟಿ ಡಾಲರಿನ ಹೊಸ ವ್ಯವಸ್ಥೆಯನ್ನು ಹಬ್ಬದ ಮಾರಾಟದ ಹೊಸ್ತಿಲಲ್ಲೇ ಚಾಲೂ ಮಾಡಿತು. ಉಗ್ರಾಣದಲ್ಲಿ ಮಾಲಿದ್ದರೂ ಅಂಗಡಿಗಳಿಗೆ ಕಳಿಸಲಾಗದೆ ಒದ್ದಾಡಿತು. ಜರ್ಮನಿಯ ಲಿಡ್ಲ್ ಅಂಗಡಿ ಸರಣಿ 2011ರಲ್ಲಿ ಶುರುಮಾಡಿದ ಕೆಲಸವನ್ನು ಸುಮಾರು 50 ಕೋಟಿ ಯೂರೋ ಸುರಿದ ಮೇಲೆ 2018ರಲ್ಲಿ ಕೈಬಿಟ್ಟಿತು. ಅಲ್ಲಿ ಎಡವಟ್ಟಾದ ಮುಖ್ಯ ಜಾಗ ಬಹಳ ಸಣ್ಣದು: ಆ ಅಂಗಡಿಯವರು ದಾಸ್ತಾನನ್ನು ಕೊಂಡ ಬೆಲೆಯಲ್ಲಿ ಲೆಕ್ಕ ಇಡುತ್ತಿದ್ದರು, ತಂತ್ರಾಂಶ ಮಾರುವ ಬೆಲೆಯಲ್ಲಿ ಇಡುತ್ತಿತ್ತು. ಇಬ್ಬರೂ ಜಗ್ಗಲಿಲ್ಲ. ತಮ್ಮ ಲೆಕ್ಕದ ಪದ್ಧತಿ ಏನು, ಅದರಲ್ಲಿ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂದು ತಂತ್ರಾಂಶ ಕೊಳ್ಳುವ ಮೊದಲೇ ತಿಳಿದಿರಬೇಕು ಎಂಬುದಕ್ಕೆ ಇಷ್ಟು ದುಬಾರಿ ಪಾಠ ಇನ್ನೊಂದಿಲ್ಲ.

ಈಗ ಆನ್‌ಲೈನ್ ಅಂಗಡಿಯ ಮಾತು. ಮಾಲೂರಿನ ಸುತ್ತ ಇ-ವಾಣಿಜ್ಯ ಕಂಪನಿಗಳ ದೊಡ್ಡ ಗೋದಾಮುಗಳು ಎದ್ದಿವೆ. ದೇಶದ ಮೂಲೆಮೂಲೆಯ ಸರಕು ಇಲ್ಲಿ ಬಂದು ಇಳಿದು ಬೆಂಗಳೂರಿನ ಮನೆಗಳಿಗೆ ಹೋಗುತ್ತದೆ. ಆ ಗೋದಾಮಿನ ಪಕ್ಕದಲ್ಲೇ ಇರುವ ಘಟಕದವರಿಗೆ ನಮ್ಮ ಸರಕೂ ಆ ದಾರಿಯಲ್ಲಿ ಹೋಗಬಾರದೇಕೆ ಎನ್ನಿಸುವುದು ಸಹಜ. ಹೋಗಬಹುದು. ಆದರೆ ಎಲ್ಲ ಸರಕೂ ಅಲ್ಲ. ಮಾಲೂರಿನ ಹೆಂಚು, ಇಟ್ಟಿಗೆಯನ್ನು ಪಾರ್ಸೆಲಿನಲ್ಲಿ ಕಳಿಸಲಾಗದು. ಅದಕ್ಕೆ ಆನ್‌ಲೈನ್ ಎಂದರೆ ದರಪಟ್ಟಿ, ವಿಚಾರಣೆ, ಲಾರಿ ಲೋಡಿನ ಬುಕಿಂಗ್ ಇಷ್ಟೇ. ಕಚ್ಚಾ ರೇಷ್ಮೆಯೂ ಗ್ರಾಹಕರು ಮೊಬೈಲಿನಲ್ಲಿ ಕೊಳ್ಳುವ ವಸ್ತುವಲ್ಲ. ಹುರಿ ಮಾಡುವವರು, ನೇಯುವವರು ಕೊಳ್ಳುವುದು, ಎಳೆಯ ದಪ್ಪ ಹೇಳುವ ಡೇನಿಯರ್ ನೋಡಿ ಕೊಳ್ಳುವುದು. ಸೀರೆ, ಖಾದ್ಯ, ಕರಕುಶಲ ವಸ್ತುಗಳಿಗೆ ಪೇಟೆಯಿದೆ, ಆದರೆ ಅಲ್ಲಿ ಪೋರ್ಟಲಿನ ಕಮಿಷನ್, ರವಾನೆಯ ಶುಲ್ಕ, ಪ್ಯಾಕಿಂಗ್, ಇವೆಲ್ಲಕ್ಕಿಂತ ಹೆಚ್ಚಾಗಿ ಹಿಂತಿರುಗಿ ಬರುವ ಮಾಲಿನ ಖರ್ಚು ಕಾದಿರುತ್ತವೆ. ಮಾರಿದ ಹಣದಲ್ಲಿ ಜಿಎಸ್‌ಟಿಯ ಟಿಸಿಎಸ್ 0.5 ಶೇಕಡಾ, ಆದಾಯ ತೆರಿಗೆಯ ಟಿಡಿಎಸ್ 0.1 ಶೇಕಡಾ ಪೋರ್ಟಲಿನವರೇ ಮುರಿದುಕೊಳ್ಳುತ್ತಾರೆ; 2024ರಲ್ಲಿ ಇವೆರಡೂ ಇಳಿದು ಈ ಮಟ್ಟಕ್ಕೆ ಬಂದವು. ಮುರಿದದ್ದನ್ನು ವಾಪಸ್ ಹೊಂದಿಸಿಕೊಳ್ಳಲು ಬಿಲ್ಲಿನಿಂದ ಬಿಲ್ಲಿಗೆ ತಾಳೆ ನೋಡಬೇಕು. ಒಂದು ಸೀರೆಗೆ ತನಗೆ ಬಿದ್ದ ಖರ್ಚೆಷ್ಟು ಎಂದು ಗೊತ್ತಿಲ್ಲದವರು ರಿಯಾಯಿತಿ ಹಬ್ಬದಲ್ಲಿ ಶೇಕಡಾ 40 ಇಳಿಸಿ ಮಾರಿ, ಮಾರಾಟ ಹೆಚ್ಚಾಯಿತೆಂದು ಬೀಗುತ್ತಾರೆ. ನಷ್ಟ ತಿಳಿಯುವುದು ವರ್ಷದ ಕೊನೆಗೆ, ಲೆಕ್ಕಪರಿಶೋಧಕರ ಮೇಜಿನ ಮೇಲೆ.

ಆನ್‌ಲೈನ್ ಮಾರಾಟ ಗೆದ್ದ ಕಡೆ ನೋಡಿ, ಅದಕ್ಕೆ ಮೊದಲೇ ಅಳತೆಯ ಶಿಸ್ತು ಬಂದಿರುತ್ತದೆ. ಶ್ರೀನಿವಾಸಪುರದ ಮಾವನ್ನೇ ತೆಗೆದುಕೊಳ್ಳಿ. ರಾಜ್ಯದ ಮಾವು ಅಭಿವೃದ್ಧಿ ನಿಗಮ ಕರ್‌ಸಿರಿ ಎಂಬ ಪೋರ್ಟಲ್ ನಡೆಸಿ, ಬೆಳೆಗಾರರ ಹಣ್ಣು ಅಂಚೆ ಇಲಾಖೆಯ ಮೂಲಕ ಬೆಂಗಳೂರಿನ ಮನೆಬಾಗಿಲಿಗೆ ಹೋಗುವ ಏರ್ಪಾಡು ಮಾಡಿತು. ಅಲ್ಲಿ ಹಣ್ಣು ಹೋಗುವುದು 3 ಕಿಲೋ ಪೆಟ್ಟಿಗೆಯಲ್ಲಿ, ತಳಿಯ ಹೆಸರಿನೊಂದಿಗೆ. ಮಂಡಿಯಲ್ಲಿ ಟನ್ ಲೆಕ್ಕದಲ್ಲಿ ಸುರಿಯುವ ಮಾವನ್ನು ಅಂಚೆಯಣ್ಣ ಹೊರಲಾರ. ಆರಿಸಿ, ತೂಗಿ, ಪೆಟ್ಟಿಗೆ ಕಟ್ಟಿದ ಮೇಲಷ್ಟೇ ಅದು ಆನ್‌ಲೈನ್ ಸರಕು. ಇನ್ನೊಂದು ಸಾಕ್ಷಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ, ಅಂದರೆ ಕೆಎಸ್‌ಐಸಿಯ ಮೈಸೂರು ರೇಷ್ಮೆ. ನಾಲ್ವಡಿಯವರ ಕಾಲದಲ್ಲಿ, 1912ರಲ್ಲಿ ಶುರುವಾದ ಕಾರ್ಖಾನೆಯ ಸೀರೆಗಳಿಗೆ ಇವತ್ತು ಪ್ರತ್ಯೇಕ ಸಂಖ್ಯೆ ಇದೆ, ಹಾಲೊಗ್ರಾಂ ಇದೆ. ಸಂಖ್ಯೆ ಇದ್ದದ್ದರಿಂದ ನಕಲಿಯನ್ನು ಗುರುತಿಸಬಹುದು. ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ತಂದ ಸಿಲ್ಕ್ ಮಾರ್ಕ್ ಚೀಟಿಯದೂ ಇದೇ ಉದ್ದೇಶ. ಕೈಯಲ್ಲಿ ಮುಟ್ಟಿ ನೋಡದೆ ಪರದೆಯ ಮೇಲೆ ಕೊಳ್ಳುವವರಿಗೆ ಇದು ಅಪ್ಪಟ ರೇಷ್ಮೆ ಎಂಬ ಭರವಸೆಯೇ ಸರಕು. ಆ ಭರವಸೆಯ ಬುಡ ಗೂಡಿನ ಲಾಟ್ ನಂಬರಿನಲ್ಲಿದೆ. ಯಾವ ಊರಿನ ಗೂಡು, ಯಾವ ಘಟಕದಲ್ಲಿ ಬಿಚ್ಚಿದ್ದು, ಯಾವ ಮಗ್ಗದಲ್ಲಿ ನೇಯ್ದದ್ದು ಎಂದು ಹೇಳಬಲ್ಲ ಸೀರೆಗೆ ಹೆಚ್ಚು ಬೆಲೆ ಕೇಳುವ ಹಕ್ಕಿದೆ. ಘಟಕದ ಬಾಗಿಲಲ್ಲಿ ನಂಬರನ್ನು ಕಳೆದುಕೊಂಡವರು ಈ ಹಕ್ಕನ್ನೂ ಅಲ್ಲೇ ಕಳೆದುಕೊಂಡರು.

ಒಳಗಿನ ಲೆಕ್ಕ ಮೊದಲು ಎಂಬ ನನ್ನ ವಾದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತಿಲ್ಲದೆ ಇಲ್ಲ. ಮೊದಲನೆಯದು, ನಾವು ಸಣ್ಣವರು, ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ಎಂಬುದು. ಸರಿಯೇ. ಆದರೆ ಇಆರ್‌ಪಿ ಎಂದರೆ ಕೋಟಿ ರೂಪಾಯಿಯ ಜರ್ಮನ್ ತಂತ್ರಾಂಶ ಎಂಬ ಕಾಲ ಹೋಯಿತು. ನಮ್ಮ ಬೆಂಗಳೂರಿನ ಟ್ಯಾಲಿ 1986ರಲ್ಲಿ ಹುಟ್ಟಿದ್ದೇ ಗಿರಣಿಗಳಿಗೆ ಯಂತ್ರದ ಬಿಡಿಭಾಗ ಸರಬರಾಜು ಮಾಡುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರ ಲೆಕ್ಕದ ತಾಪತ್ರಯಕ್ಕೆ ಅವರ ಮಗ ಭರತ್ ಗೋಯೆಂಕಾ ಬರೆದ ಪರಿಹಾರವಾಗಿ. ಎಷ್ಟೋ ಘಟಕಗಳಲ್ಲಿ ಟ್ಯಾಲಿ ಆಗಲೇ ಇದೆ, ಜಿಎಸ್‌ಟಿ ರಿಟರ್ನ್ ತುಂಬುವುದಕ್ಕೆ ಮಾತ್ರ. ಅದರಲ್ಲೇ ದಾಸ್ತಾನು ಇಡಬಹುದು, ಲಾಟುವಾರು ವಿಂಗಡಿಸಬಹುದು, ಕಚ್ಚಾ ಮಾಲು ಹೋಗಿ ಸರಕು ಬಂದದ್ದನ್ನು ನಮೂದಿಸಬಹುದು ಎಂಬುದನ್ನು ಯಾರೂ ತೋರಿಸಿಕೊಟ್ಟಿಲ್ಲ. ಮುಂಬೈಯ ಫ್ರಾಪೆ ಕಂಪನಿಯ ಇಆರ್‌ಪಿ ನೆಕ್ಸ್ಟ್ ಎಂಬುದು ಮುಕ್ತ ತಂತ್ರಾಂಶ, ಪರವಾನಗಿಗೆ ದುಡ್ಡಿಲ್ಲ. ಖರ್ಚು ಬರುವುದು ಅದನ್ನು ಅಳವಡಿಸಿ ಕಲಿಸುವವರಿಗೆ, ಅದೂ ಮೊದಲ ವರ್ಷ ಹೆಚ್ಚು. ಹೀಗಿರುವಾಗ ಸಣ್ಣವರು ಕೇಳಬೇಕಾದ ಪ್ರಶ್ನೆ ತಂತ್ರಾಂಶದ ಬೆಲೆಯದಲ್ಲ. ದಿನಾ ಸಂಜೆ ಅರ್ಧ ತಾಸು ಕೂತು ನಮೂದು ಮಾಡುವವರು ಯಾರು ಎಂಬುದು. ಆ ಒಬ್ಬರ ಹೆಸರು ಹೇಳಲಾಗದಿದ್ದರೆ ಕೊಳ್ಳದಿರುವುದೇ ಒಳ್ಳೆಯದು.

ಎರಡನೆಯ ಆಕ್ಷೇಪವನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ: ಎಲ್ಲ ಬರೆದಿಟ್ಟರೆ ತೆರಿಗೆಯವರಿಗೆ ಸಿಕ್ಕಿಬೀಳುತ್ತೇವೆ. ಇದಕ್ಕೆ ಎರಡು ಉತ್ತರ. ಒಂದು, ರೀಲರುಗಳಿಗೆ ಈ ಭಯ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತಿದೆ. ಗೂಡಿಗೂ ಕಚ್ಚಾ ರೇಷ್ಮೆಗೂ ಜಿಎಸ್‌ಟಿ ಇಲ್ಲ. ಇನ್ನೊಂದು, ಬರೆಯದೆ ಇದ್ದರೂ ಹೊರಗಿನವರು ಬರೆಯುತ್ತಿದ್ದಾರೆ. ಹರಾಜಿನ ಕಂಪ್ಯೂಟರಿನಲ್ಲಿ ನಿಮ್ಮ ಖರೀದಿ ಇದೆ, ಬ್ಯಾಂಕಿನಲ್ಲಿ ಪಾವತಿ ಇದೆ. ಉಳಿದ ಉದ್ಯಮಗಳಲ್ಲಿ 2018ರ ಏಪ್ರಿಲ್‌ನಿಂದ 50,000 ರೂಪಾಯಿ ಮೀರಿದ ಮಾಲಿನ ಸಾಗಣೆಗೆ ಇ-ವೇ ಬಿಲ್ ಇದೆ. 2023ರ ಆಗಸ್ಟ್‌ನಿಂದ ವಾರ್ಷಿಕ ವಹಿವಾಟು 5 ಕೋಟಿ ದಾಟಿದವರು ವ್ಯಾಪಾರಿಗಳಿಗೆ ಮಾಡುವ ಬಿಲ್ಲೆಲ್ಲ ಇ-ಇನ್‌ವಾಯ್ಸ್ ಆಗಬೇಕು. ನಿಮ್ಮ ಲೆಕ್ಕ ಎಲ್ಲರ ಬಳಿಯೂ ಇದ್ದು ನಿಮ್ಮ ಬಳಿ ಮಾತ್ರ ಇಲ್ಲದಿರುವುದು ಜಾಣತನವಲ್ಲ. ಲೆಕ್ಕ ಇದ್ದವರಿಗೆ ಕಾನೂನು ಬೆನ್ನಿಗೂ ನಿಲ್ಲುತ್ತದೆ. ಉದ್ಯಮ್ ನೋಂದಣಿ ಇರುವ ಅತಿಸಣ್ಣ, ಸಣ್ಣ ತಯಾರಕರಿಗೆ ಕೊಳ್ಳುವವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕೆಂದು ಸಣ್ಣ ಉದ್ಯಮಗಳ 2006ರ ಕಾಯ್ದೆ ಹೇಳುತ್ತದೆ. ತಡ ಮಾಡಿದವರಿಗೆ ಆ ಖರ್ಚನ್ನು ಆ ವರ್ಷದ ಆದಾಯ ತೆರಿಗೆಯ ಲೆಕ್ಕದಲ್ಲಿ ತೋರಿಸಲು ಬಾರದೆಂಬ ನಿಯಮ 2024ರ ಏಪ್ರಿಲ್‌ನಿಂದ ಬಂದಿದೆ. ಈ ಹಕ್ಕು ಕೇಳಬೇಕಾದರೆ ಮಾಲು ಯಾವತ್ತು ತಲುಪಿತು ಎಂಬ ದಾಖಲೆ ಬೇಕು.

ಮೂರನೆಯದು, ನಮ್ಮ ಕೆಲಸಗಾರರಿಗೆ ಇದೆಲ್ಲ ಬಾರದು ಎಂಬ ಮಾತು. ಇದನ್ನು ನಾನು ಒಪ್ಪುವುದಿಲ್ಲ. ಕೋಲಾರ ಜಿಲ್ಲೆಯ ಹಳ್ಳಿಯ ಹಾಲಿನ ಡೇರಿಗೆ ಹೋಗಿ ನೋಡಿ. ಹಾಲು ಹಾಕುವವರ ಎದುರೇ ತೂಕ, ಜಿಡ್ಡಿನ ಅಂಶ ಪರೀಕ್ಷೆಯಾಗಿ ಲೆಕ್ಕ ದಾಖಲಾಗುತ್ತದೆ. ಶಾಲೆ ಕಾಣದ ಹೆಂಗಸರೂ ನಿನ್ನೆಗಿಂತ ಇವತ್ತು ಫ್ಯಾಟ್ ಯಾಕೆ ಇಳಿಯಿತು ಎಂದು ಕಾರ್ಯದರ್ಶಿಯನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ. ಆ ಅಂಕಿ ಅವರ ಹಣಕ್ಕೆ ನೇರ ಗಂಟು ಬಿದ್ದಿದೆ, ಅದಕ್ಕೇ ಅವರು ಕಲಿತರು. ಬೇಸಿನ್ ಮುಂದೆ ಕೂತ ಹೆಂಗಸಿಗೂ ಅವಳ ಕೈಯಿಂದ ಬಂದ ರೆಂಡಿಟ್ಟ ತೋರಿಸಿ, ಸುಧಾರಿಸಿದ್ದರಲ್ಲಿ ಪಾಲು ಕೊಟ್ಟರೆ ಅವಳೇ ಲೆಕ್ಕ ಕೇಳುತ್ತಾಳೆ. ಪಾಲು ಕೊಡದೆ ಅಂಕಿಯನ್ನು ಬೈಯಲು ಮಾತ್ರ ಬಳಸಿದರೆ ಅವಳು ತೂಕ ತಪ್ಪಿಸುವ ದಾರಿ ಹುಡುಕುತ್ತಾಳೆ, ಅದೂ ನ್ಯಾಯವೇ. ಗುಮಾಸ್ತರ ಕೆಲಸ ಹೋಗುತ್ತದೆ ಎಂಬ ಆತಂಕಕ್ಕೆ ಸ್ವಲ್ಪ ಹುರುಳಿದೆ, ದೊಡ್ಡ ಕಾರ್ಖಾನೆಗಳಲ್ಲಿ. ಸಣ್ಣ ಘಟಕದಲ್ಲಿ ಗುಮಾಸ್ತರೇ ಇಲ್ಲ. ಇರುವುದು ಮಾಲೀಕರ ಜ್ಞಾಪಕಶಕ್ತಿ. ಅದು ಅವರೊಡನೆಯೇ ಹೋಗುತ್ತದೆ, ಮಕ್ಕಳಿಗೆ ಕಸುಬು ಉಳಿದರೂ ಲೆಕ್ಕ ಉಳಿಯುವುದಿಲ್ಲ.

ಒಂದು ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಪೂರ್ತಿ ಸಮಾಧಾನವಿಲ್ಲ. ತಿಂಗಳ ಬಾಡಿಗೆಯ ತಂತ್ರಾಂಶದಲ್ಲಿ ನಮ್ಮ ಲೆಕ್ಕ ಬೇರೆಯವರ ಕಂಪ್ಯೂಟರಿನಲ್ಲಿರುತ್ತದೆ. ನಾಳೆ ಬಾಡಿಗೆ ಏರಿಸಿದರೆ, ಕಂಪನಿ ಮುಚ್ಚಿದರೆ? ಪೋರ್ಟಲಿನವರಿಗೂ ನಮ್ಮ ಗ್ರಾಹಕರು ಯಾರೆಂದು ಗೊತ್ತು, ನಮಗೆ ಗೊತ್ತಿಲ್ಲ. ಈ ಅಪಾಯ ನಿಜ. ಅದಕ್ಕೆ ಸದ್ಯದ ಮದ್ದು ಇಷ್ಟೇ: ಕರಾರಿಗೆ ಸಹಿ ಹಾಕುವ ಮೊದಲು ಪೂರ್ತಿ ಲೆಕ್ಕವನ್ನು ಎಕ್ಸೆಲ್ ಕಡತವಾಗಿ ಇಳಿಸಿಕೊಳ್ಳಲು ಬರುತ್ತದೆಯೇ ಎಂದು ಕೇಳುವುದು, ತಿಂಗಳಿಗೊಮ್ಮೆ ಇಳಿಸಿಟ್ಟುಕೊಳ್ಳುವುದು, ಒಂದೇ ಪೋರ್ಟಲಿಗೆ ಇಡೀ ವ್ಯಾಪಾರವನ್ನು ಒಪ್ಪಿಸದಿರುವುದು. ಓಎನ್‌ಡಿಸಿ ಎಂಬ ಮುಕ್ತ ಜಾಲವನ್ನು 2022ರಲ್ಲಿ ಬೆಂಗಳೂರೂ ಸೇರಿ ಕೆಲವು ನಗರಗಳಲ್ಲಿ ಪ್ರಯೋಗಕ್ಕೆ ಬಿಟ್ಟದ್ದು ಇಂಥ ಏಕಸ್ವಾಮ್ಯಕ್ಕೆ ಎದುರಾಗಿಯೇ. ಸಣ್ಣ ತಯಾರಕರಿಗೆ ಅದರಿಂದ ಎಷ್ಟು ಉಪಕಾರವಾಗುತ್ತದೆ ಎಂಬುದನ್ನು ಕಾಲವೇ ಹೇಳಬೇಕು.

ಕೊನೆಯದಾಗಿ ರೇಷ್ಮೆ ಇಲಾಖೆಗೆ ಒಂದು ಮನವಿ. ಕ್ಯಾಲನೂರಿನಂಥ ಮಾರುಕಟ್ಟೆಯಲ್ಲಿ ಗೂಡು ಮಾರಾಟವಾದಾಗ ಲಾಟ್ ನಂಬರು, ತಳಿ, ತೂಕ, ದರ, ದಿನಾಂಕ ಎಲ್ಲವೂ ಇಲಾಖೆಯ ಬಳಿ ಇರುತ್ತವೆ. ರೀಲರು ತಮ್ಮ ಘಟಕದಲ್ಲಿ ಮಾಡಬೇಕಾದ ಮೊದಲ ನಮೂದು ಅದೇ. ಆ ಐದು ವಿವರಗಳು ಕೊಂಡ ದಿನವೇ ಅವರ ಮೊಬೈಲಿಗೆ, ತಂತ್ರಾಂಶಕ್ಕೆ ಹಾಗೇ ಸೇರಿಸಿಕೊಳ್ಳಬಹುದಾದ ಕಡತವಾಗಿ ಬರುವಂತೆ ಮಾಡಿಕೊಡಿ. ಅದರ ಕೆಳಗೆ ಎರಡೇ ಖಾಲಿ ಜಾಗ ಇರಲಿ, ಬಂದ ರೇಷ್ಮೆ ಎಷ್ಟು, ಬಂದ ಜೂಟು ಎಷ್ಟು ಎಂದು ತುಂಬಲು. ಕನ್ನಡದಲ್ಲಿ ಇರಲಿ, ಈ ಕಡೆಯ ಘಟಕಗಳಲ್ಲಿ ಉರ್ದು, ತೆಲುಗು ಆಡುವವರೂ ಇರುವುದರಿಂದ ಆ ಭಾಷೆಗಳಲ್ಲೂ ಸಿಗಲಿ. ಜಿಲ್ಲಾ ಕೈಗಾರಿಕಾ ಕೇಂದ್ರದವರು ಸಭಾಂಗಣದ ಕಾರ್ಯಾಗಾರ ಬಿಟ್ಟು ಘಟಕದ ಒಳಗೇ ಬಂದು ಒಂದು ಲಾಟನ್ನು ಮೊದಲಿನಿಂದ ಕೊನೆಯವರೆಗೆ ಜೊತೆಯಲ್ಲಿ ಕೂತು ನಮೂದು ಮಾಡಿಸಲಿ. ರೀಲರುಗಳು ಅಲ್ಲಿಯವರೆಗೆ ಕಾಯಬೇಕಿಲ್ಲ. ನಾಳೆ ಕೊಳ್ಳುವ ಗೂಡಿನ ಚೀಟಿಯನ್ನು ಬಿಸಾಡದೆ ರಾಶಿಯ ಮೇಲೆ ಸಿಕ್ಕಿಸಿಡಿ, ಅದು ಬಿಚ್ಚಿ ಮುಗಿಯುವವರೆಗೆ ಬೇರೆ ಲಾಟನ್ನು ಅದರೊಡನೆ ಬೆರೆಸಬೇಡಿ.